ಸಣ್ಣದು ಹೋಗುತ್ತೆ, ದೊಡ್ಡದು ಹೋಗಲ್ಲ

ಕ್ಲಬ್ ರೂಮ್ ಎಲ್ಲಿದೆ ಅಂತ ಈ ವರ್ಷ ಸೇರಿದವರಿಗೆ ಗೊತ್ತಿರಲಿಕ್ಕಿಲ್ಲ. ವರ್ಕ್‌ಶಾಪಿನ ಹಿಂದೆ, ಒಂದು ಕಾಲಕ್ಕೆ ಸ್ಟೋರ್ ಆಗಿದ್ದ ಕೋಣೆ. ಕಾಲೇಜಿನ ನೆಟ್‌ವರ್ಕ್ ಕೇಬಲ್ ಅಲ್ಲಿವರೆಗೆ ಬಂದಿಲ್ಲ, ಹಾಸ್ಟೆಲಿನ ವೈಫೈ ಅಲ್ಲಿಗೆ ಮುಟ್ಟಲ್ಲ. ಹಾಗಾಗಿ 2022ರಲ್ಲಿ, ನಾವು ನಾಲ್ವರು ಏಳನೇ ಸೆಮಿಸ್ಟರಿನಲ್ಲಿದ್ದಾಗ, ಹಳೆಯ ವಿದ್ಯಾರ್ಥಿಗಳು ಕೊಟ್ಟ ದುಡ್ಡಿನಲ್ಲಿ ಕ್ಲಬ್ಬಿಗೇ ಪ್ರತ್ಯೇಕವಾಗಿ ಒಂದು ಫೈಬರ್ ಕನೆಕ್ಷನ್ ಹಾಕಿಸಿದ್ವಿ. ರೂಟರ್ ಕೊಳ್ಳಲು ದುಡ್ಡು ಉಳಿಯಲಿಲ್ಲ. ಲ್ಯಾಬಿನಿಂದ ಹೊರಹಾಕಿದ್ದ ಒಂದು ಹಳೇ ಪಿಸಿಗೆ ಎರಡು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ಲಿನಕ್ಸ್ ಹಾಕಿ, ಅದನ್ನೇ ರೂಟರ್ ಮಾಡಿದ್ವಿ. ಒಂದು ಕಾರ್ಡು ಒಳಗಿನ ಸ್ವಿಚ್ಚಿಗೆ, ಇನ್ನೊಂದು ಫೈಬರ್ ಡಬ್ಬಿಗೆ. ಡಬ್ಬಿ ಬರೀ ಸೇತುವೆಯಂತೆ ಕೆಲಸ ಮಾಡುತ್ತಿತ್ತು, ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವುದೆಲ್ಲ ನಮ್ಮ ಪಿಸಿಯೇ. ಅದು ಕೆಲಸ ಮಾಡಿದ ದಿನ ನಾವು ಪಟ್ಟ ಸಂಭ್ರಮ ಏನು ಕೇಳ್ತೀರಿ. ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೋಳಿಬಜೆ ಕೊಡಿಸಿದ್ವಿ.

ಸಂಭ್ರಮದ ಮೇಲೆ ಇನ್ನೊಂದು ಕೆಲಸವನ್ನೂ ಮಾಡಿದ್ವಿ. 'ನಿಮ್ಮ ರೂಟರ್ ಭದ್ರಪಡಿಸಿ' ಅಂತ ಒಂದು ವಿಡಿಯೋ. ಅದರಲ್ಲಿ ಹೇಳಿದಂತೆ ಫೈರ್‌ವಾಲಿನಲ್ಲಿ ಎರಡು ಸಾಲು ಸೇರಿಸಿದ್ವಿ. ರೂಟರಿಗೆ ಬರುವ ಐಸಿಎಂಪಿ ಎಲ್ಲ ಕಸದಬುಟ್ಟಿಗೆ, ರೂಟರಿನಿಂದ ಹೊರಡುವ ಐಸಿಎಂಪಿಯೂ ಕಸದಬುಟ್ಟಿಗೆ. ಐಸಿಎಂಪಿ ಅಂದರೆ ಪಿಂಗ್, ಪಿಂಗ್ ಅಂದರೆ ಹ್ಯಾಕರ್‌ಗಳು ಬಾಗಿಲು ತಟ್ಟುವುದು, ಇಷ್ಟೇ ನಮ್ಮ ತಿಳಿವಳಿಕೆ. 1990ರ ದಶಕದಲ್ಲಿ ದೈತ್ಯ ಗಾತ್ರದ ಒಂದು ಪಿಂಗ್ ಕಳಿಸಿ ಕಂಪ್ಯೂಟರ್ ಮಲಗಿಸಬಹುದಿತ್ತು ಅನ್ನೋದು ನಿಜ. ಆ ಭಯ ಇನ್ನೂ ವಿಡಿಯೋಗಳಲ್ಲಿ ಓಡಾಡ್ತಿದೆ. ಹೊರಗಿನಿಂದ ಪಿಂಗ್ ಮಾಡಿ ನೋಡಿದ್ವಿ, ಉತ್ತರ ಬರಲಿಲ್ಲ. 'ನಾವು ಕಾಣಿಸ್ತಿಲ್ಲ ಕಣ್ರೋ' ಅಂತ ನಮ್ಮಲ್ಲೊಬ್ಬ ಕುಣಿದ. ಆ ಎರಡು ಸಾಲನ್ನು ಆಮೇಲೆ ಯಾರೂ ತಿರುಗಿ ನೋಡಲಿಲ್ಲ.

ಆ ವರ್ಷದ ರಾಜ್ಯೋತ್ಸವದ ಸಂಚಿಕೆಗೆ ಒಂದು ಆಸೆ ಇಟ್ಟುಕೊಂಡಿದ್ವಿ. 1990ರ ದಶಕದಲ್ಲಿ ನಮ್ಮ ಕ್ಲಬ್ಬು ಕೈಬರಹದ ಭಿತ್ತಿಪತ್ರಿಕೆ ತರುತ್ತಿತ್ತು. ಡ್ರಾಯಿಂಗ್ ಶೀಟಿನ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆದ ಕವಿತೆ, ಹನಿಗವನ, ಪ್ರಿನ್ಸಿಪಾಲರ ಮೇಲಿನ ವ್ಯಂಗ್ಯಚಿತ್ರ. ಅವೆಲ್ಲ ಒಂದು ಕಬ್ಬಿಣದ ಬೀರುವಿನಲ್ಲಿ ಸುರುಳಿ ಸುತ್ತಿ ಬಿದ್ದಿದ್ದವು. ಅವನ್ನು ಸ್ಕ್ಯಾನ್ ಮಾಡಿ, ನಮ್ಮ ಬಾಡಿಗೆ ಸರ್ವರಿಗೆ ಏರಿಸಿ, ನವೆಂಬರ್ 1ಕ್ಕೆ ಬಿಡುಗಡೆ ಮಾಡುವುದು. ಕೆಲಸವನ್ನು ಮೂರನೇ ಸೆಮಿಸ್ಟರಿನ ಹುಡುಗಿಯೊಬ್ಬಳಿಗೆ ವಹಿಸಿದ್ವಿ. ನಾವೆಲ್ಲ ಅವಳನ್ನು ಊರ ಹೆಸರಿನಿಂದಲೇ ಕರೆಯುತ್ತಿದ್ವಿ: ಶಿರಸಿ. ಇಲ್ಲೂ ಹಾಗೇ ಕರೆಯುತ್ತೇವೆ.

ಶಿರಸಿ ಒಂದು ತಿಂಗಳು ಕೂತು, ದೊಡ್ಡ ಶೀಟುಗಳನ್ನು ನಾಲ್ಕು ನಾಲ್ಕು ಭಾಗ ಮಾಡಿ ಸ್ಕ್ಯಾನ್ ಮಾಡಿ, ಮತ್ತೆ ಜೋಡಿಸಿದಳು. ಅಕ್ಟೋಬರ್ 29ರ ಸಂಜೆ ಫೋನ್ ಮಾಡಿದಳು. "ಅಣ್ಣ, ಸ್ಕ್ಯಾನ್ ಎಲ್ಲ ಆಯ್ತು. ಆದ್ರೆ ಅಪ್‌ಲೋಡ್ ಆಗ್ತಾ ಇಲ್ಲ. ಶುರುವಿನಲ್ಲೇ ನಿಂತುಬಿಡುತ್ತೆ."

ನಾವು ಆಗ ಸ್ಟೇಜಿನ ಬ್ಯಾನರ್ ಕಟ್ಟುತ್ತಿದ್ದೆವು. "ನೆಟ್ ಇದೆಯಾ ನೋಡು."

"ನೆಟ್ ಇದೆ. ಸೈಟ್ ಓಪನ್ ಆಗುತ್ತೆ, ಲಾಗಿನ್ ಆಗುತ್ತೆ. ಫೈಲ್ ಹಾಕಿದ್ರೆ ಮಾತ್ರ ಹೋಗಲ್ಲ."

"ಸರ್ವರ್ ಸರಿ ಇದೆಯಲ್ಲ, ನಾನು ಈಗಷ್ಟೇ ಹಾಸ್ಟೆಲಿಂದ ನಾಲ್ಕು ಫೋಟೋ ಹಾಕಿದೆ" ಅಂದ ನಮ್ಮಲ್ಲೊಬ್ಬ. ಅದೂ ನಿಜ.

ಮರುದಿನ ಮತ್ತೆ ಅದೇ ಮಾತು. ನಾವು ಸರ್ವರಿನ ಲಾಗ್ ತೆಗೆದು ನೋಡಿದ್ವಿ. ಹಿಂದಿನ ರಾತ್ರಿ ಅದೇ ಕ್ಲಬ್ ರೂಮಿನ ಪಿಸಿಯಿಂದ, ಅವಳದೇ ಲಾಗಿನಿನಲ್ಲಿ, ಎಂಟು ಸಾಲಿನ ಅವಳದೊಂದು ಕವಿತೆ ಏರಿತ್ತು. ನಮಗೆ ಬೇಕಿದ್ದ ಸಾಕ್ಷಿ ಸಿಕ್ಕಿತು. 'ನಿನ್ನ ಕವಿತೆ ಮಾತ್ರ ಸಲೀಸಾಗಿ ಹೋಗಿದೆ, ಉಳಿದದ್ದು ಹೋಗಲ್ವಾ?' ಅಂತ ಗ್ರೂಪಿನಲ್ಲಿ ಬರೆದ್ವಿ. ಕೆಳಗೆ ಯಾರೋ ನಗುವ ಗೊಂಬೆ ಹಾಕಿದರು. ಶಿರಸಿ ಉತ್ತರ ಕೊಡಲಿಲ್ಲ.

ನವೆಂಬರ್ 1ರಂದು ಸಂಚಿಕೆ ಬಿಡುಗಡೆಯಾಯಿತು, ಭಿತ್ತಿಪತ್ರಿಕೆಯ ಹನ್ನೊಂದೇ ಪುಟಗಳೊಂದಿಗೆ. ಸಭೆಗೆ ನಿವೃತ್ತ ಲ್ಯಾಬ್ ಇನ್‌ಸ್ಟ್ರಕ್ಟರ್ ಒಬ್ಬರು ಬಂದಿದ್ದರು. ಆ ಭಿತ್ತಿಪತ್ರಿಕೆಗೆ ವರ್ಷಗಟ್ಟಲೆ ಚಿತ್ರ ಬರೆದವರು. ಮೊಮ್ಮಗನ ಕೈ ಹಿಡಿದು ಬಂದು, "ನಂದು ಎಲ್ಲಿ ಬಂದಿದೆ ತೋರಿಸ್ರಪ್ಪ, ಇವನು ನೋಡ್ಬೇಕಂತೆ" ಅಂದರು. ಆ ಹನ್ನೊಂದು ಪುಟಗಳಲ್ಲಿ ಅವರದು ಒಂದೂ ಇರಲಿಲ್ಲ. "ಕೆಲಸ ಒಪ್ಪಿಕೊಂಡವರು ಮಾಡ್ಲಿಲ್ಲ ಸರ್" ಅಂತ ನಾವು ಹೇಳಿದ್ವಿ. ಶಿರಸಿ ಎರಡು ಮಾರು ದೂರದಲ್ಲಿ ಕುರ್ಚಿ ಜೋಡಿಸುತ್ತಿದ್ದಳು. ಕೇಳಿಸಲಿ ಅಂತಲೇ ಹೇಳಿದ್ವಿ ಅನ್ನೋದನ್ನು ಇಲ್ಲಿ ಒಪ್ಪಿಕೊಂಡುಬಿಡಬೇಕು. ಅವಳು ಅವತ್ತಿನಿಂದ ಕ್ಲಬ್ಬಿಗೆ ಬರಲಿಲ್ಲ.

ಡಿಸೆಂಬರಿನಲ್ಲಿ ನಮ್ಮಲ್ಲೊಬ್ಬ ಪ್ರಾಜೆಕ್ಟ್ ರಿಪೋರ್ಟ್ ಕಳಿಸಲು ಕ್ಲಬ್ ರೂಮಿಗೆ ಹೋದ. ಹಾಸ್ಟೆಲಿನಲ್ಲಿ ಕರೆಂಟ್ ಇರಲಿಲ್ಲ, ರಾತ್ರಿ ಹನ್ನೆರಡಕ್ಕೆ ಗಡುವು. ಸೈಟ್ ತೆರೆಯಿತು, ಲಾಗಿನ್ ಆಯಿತು, ಫೈಲ್ ಹಾಕಿದ, ನಿಂತಿತು. ಹತ್ತು ಗಂಟೆಗೆ ಅವನ ಫೋನ್ ಬಂದಾಗ ನಾವು ಮೂವರೂ ಓಡಿದ್ವಿ. ತನ್ನ ಬುಡಕ್ಕೆ ಬಂದಾಗ ಎಲ್ಲರಿಗೂ ಓಡಲು ಕಾಲು ಬರುತ್ತೆ. ರಿಪೋರ್ಟನ್ನು ಮೊಬೈಲ್ ಡೇಟಾದಲ್ಲಿ ಕಳಿಸಿ ಮುಗಿಸಿದ ಮೇಲೆ, ಫೈಬರಿನವರ ಕಸ್ಟಮರ್ ಕೇರಿಗೆ ಫೋನ್ ಹಚ್ಚಿ ಚೆನ್ನಾಗಿ ಬೈದ್ವಿ. ಪಾಪ, ಅವರು 'ಲೈನ್ ಸರಿ ಇದೆ ಸರ್' ಅಂತಲೇ ಹೇಳುತ್ತಿದ್ದರು.

ಆಮೇಲೆ ವೈರ್‌ಶಾರ್ಕ್ ಹಾಕಿ ಕೂತ್ವಿ. ಕಂಡದ್ದು ಇಷ್ಟು. ಆರಂಭದ ಕೈಕುಲುಕಾಟ ಸರಿಯಾಗಿದೆ. ಸಣ್ಣ ಪ್ಯಾಕೆಟ್ಟುಗಳೆಲ್ಲ ಹೋಗಿ ಉತ್ತರ ತಂದಿವೆ. ನಿಜವಾದ ಫೈಲಿನ ಮೊದಲ ತುಂಬು ಪ್ಯಾಕೆಟ್, 1500 ಬೈಟಿನದು, ಹೊರಟಿದೆ, ಉತ್ತರವಿಲ್ಲ. ಅದೇ ಪ್ಯಾಕೆಟ್ ಮತ್ತೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಅದರ ಎರಡರಷ್ಟು ಹೊತ್ತು ಬಿಟ್ಟು ಮತ್ತೆ. ಯಾರೂ 'ಆಗಲ್ಲ' ಅನ್ನುತ್ತಿಲ್ಲ, ಯಾರೂ 'ಬಂತು' ಅನ್ನುತ್ತಿಲ್ಲ.

ನಮ್ಮಲ್ಲೊಬ್ಬಳು, ನೆಟ್‌ವರ್ಕ್ಸ್ ವಿಷಯದಲ್ಲಿ ನಮಗಿಂತ ಹೆಚ್ಚು ಕ್ಲಾಸಿಗೆ ಹೋದವಳು, "ಗಾತ್ರ ಬದಲಾಯಿಸಿ ಪಿಂಗ್ ಮಾಡಿ ನೋಡೋಣ" ಅಂದಳು. ಪಿಂಗಿಗೆ ಎಷ್ಟು ಬೈಟ್ ಹೊರಿಸಬೇಕು ಅಂತ ಹೇಳಬಹುದು, ಜೊತೆಗೆ 'ದಾರಿಯಲ್ಲಿ ಒಡೆಯಬೇಡಿ' ಅಂತ ಗುರುತು ಹಾಕಬಹುದು. ಲಿನಕ್ಸಿನಲ್ಲಿ ಮೈನಸ್ ಕ್ಯಾಪಿಟಲ್ ಎಂ, ಡು. ವಿಂಡೋಸಿನಲ್ಲಿ ಮೈನಸ್ ಎಫ್. 1000 ಹೊರಿಸಿದ್ವಿ, ಉತ್ತರ ಬಂತು. 1472, ಮೌನ. 1450, ಬಂತು. ಹಾಗೇ ಹಿಂದೆ ಮುಂದೆ ಜಗ್ಗಾಡಿ ಗಡಿ ಸಿಕ್ಕಿತು. 1464 ಹೋಗುತ್ತೆ, 1465 ಹೋಗಲ್ಲ. ಒಂದೇ ಒಂದು ಬೈಟು.

1464ಕ್ಕೆ ಐಸಿಎಂಪಿ ತಲೆಬರಹದ 8, ಐಪಿ ತಲೆಬರಹದ 20 ಸೇರಿಸಿ: 1492. ಈ ಸಂಖ್ಯೆ ನೋಡಿದ ಕೂಡಲೇ ಅವಳು ಹಣೆ ಬಡಿದುಕೊಂಡಳು.

ಕಥೆ ಹೀಗೆ. ಒಂದು ನೆಟ್‌ವರ್ಕ್ ಇಂಟರ್‌ಫೇಸ್ ಒಂದು ಸಲಕ್ಕೆ ಹೊರಬಲ್ಲ ಅತಿ ದೊಡ್ಡ ಪ್ಯಾಕೆಟ್ಟಿನ ಅಳತೆಗೆ ಎಂಟಿಯು ಅಂತ ಹೆಸರು. ಈಥರ್‌ನೆಟ್ಟಿಗೆ 1500, ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಅದೊಂದೇ. ಆದರೆ ಪ್ರತಿ ಇಂಟರ್‌ಫೇಸಿಗೂ ತನ್ನದೇ ಅಳತೆ. ಅದೇ ಲಿನಕ್ಸ್ ಪೆಟ್ಟಿಗೆಯಲ್ಲಿ, ತನಗೆ ತಾನೇ ಮಾತಾಡಿಕೊಳ್ಳುವ ಲೂಪ್‌ಬ್ಯಾಕಿಗೆ 65536. ಡೇಟಾ ಸೆಂಟರುಗಳಲ್ಲಿ 9000 ಇಟ್ಟುಕೊಳ್ಳುವವರಿದ್ದಾರೆ. ಹಿಂದಿನ ಎಫ್‌ಡಿಡಿಐ ಜಾಲಗಳಿಗೆ 4352 ಇತ್ತು. ಇನ್ನು ನಮ್ಮ ಹಾಗೆ ಡಯಲ್ ಮಾಡಿ ಸೇರುವ ಪಿಪಿಪಿಓಇ ಕನೆಕ್ಷನ್ನು ಈಥರ್‌ನೆಟ್ಟಿನ ಹೊಟ್ಟೆಯೊಳಗೇ ಕೂರುತ್ತೆ, ಕೂರಲು ತನ್ನದೇ ಚೀಟಿ ಅಂಟಿಸುತ್ತೆ: 6 ಬೈಟು ಪಿಪಿಪಿಓಇಯದು, 2 ಪಿಪಿಪಿಯದು. 1500ರಲ್ಲಿ 8 ಕಳೆದರೆ 1492. ನಮ್ಮ ರೂಟರಿನ ಒಳಬಾಗಿಲು 1500, ಹೊರಬಾಗಿಲು 1492. ನಾವೇ ಕಟ್ಟಿದ ಪೆಟ್ಟಿಗೆ, ಎರಡು ಬಾಗಿಲೂ ಬೇರೆ ಅಳತೆ ಅಂತ ನಮಗೇ ಗೊತ್ತಿರಲಿಲ್ಲ.

ಟಿಸಿಪಿ ಮಾತು ಶುರುಮಾಡುವಾಗ ಎರಡೂ ಕಡೆಯವರು 'ನನಗೆ ಒಂದು ಸಲಕ್ಕೆ ಇಷ್ಟು ಕಳಿಸು' ಅಂತ ಹೇಳಿಕೊಳ್ಳುತ್ತಾರೆ. 1500ರಲ್ಲಿ ಐಪಿಯ 20, ಟಿಸಿಪಿಯ 20 ಕಳೆದು 1460. ಆದರೆ ಅವರಿಬ್ಬರೂ ತಂತಮ್ಮ ಬಾಗಿಲನ್ನಷ್ಟೇ ಅಳೆದಿರುತ್ತಾರೆ. ಅಂಗಡಿ ಬಾಗಿಲು ಅಳೆದಾಯ್ತು, ಮನೆ ಬಾಗಿಲು ಅಳೆದಾಯ್ತು, ಬೀರು ಬಂದಾಯ್ತು. ಮಹಡಿ ಮೆಟ್ಟಿಲಿನ ತಿರುವನ್ನು ಯಾರೂ ಅಳೆದಿಲ್ಲ.

ದೊಡ್ಡದು ಬಂದರೆ ದಾರಿಯ ರೂಟರೇ ಒಡೆದು ತುಂಡು ಮಾಡಿ ಕಳಿಸಲಿ ಅನ್ನುವುದು ಮೊದಲಿನ ಆಲೋಚನೆ. 1981ರ ಐಪಿ ನಿಯಮದಲ್ಲೇ ಆ ಏರ್ಪಾಡಿದೆ. ಆದರೆ ಹತ್ತು ತುಂಡಿನಲ್ಲಿ ಒಂದು ಕಳೆದರೂ ಉಳಿದ ಒಂಬತ್ತು ದಂಡ. ಪೋರ್ಟ್ ಸಂಖ್ಯೆ ಮೊದಲ ತುಂಡಿನಲ್ಲಿ ಮಾತ್ರ ಇರುವುದರಿಂದ ಉಳಿದವು ಯಾರ ಮನೆಯವು ಅಂತ ಫೈರ್‌ವಾಲಿಗೆ ತಿಳಿಯಲ್ಲ. ಕೆಂಟ್ ಮತ್ತು ಮೊಗುಲ್ ಎಂಬಿಬ್ಬರು 1987ರಲ್ಲಿ ಹೀಗೆ ಒಡೆಯುವುದೇ ಹಾನಿ ಅಂತ ಒಂದು ಪ್ರಬಂಧ ಬರೆದರು. 1990ರಲ್ಲಿ ಮೊಗುಲ್ ಮತ್ತು ಡೀರಿಂಗ್ ಸೇರಿ ಬೇರೆ ದಾರಿ ಹೇಳಿದರು, ಆರ್‌ಎಫ್‌ಸಿ 1191. ಪ್ಯಾಕೆಟ್ಟಿಗೆ 'ಒಡೆಯಬೇಡ' ಅಂತ ಚೀಟಿ ಹಚ್ಚಿ ಕಳಿಸು. ಎಲ್ಲಿ ಹಿಡಿಸುವುದಿಲ್ಲವೋ ಅಲ್ಲಿಯ ರೂಟರು ಅದನ್ನು ಎಸೆದು, ಕಳಿಸಿದವನಿಗೆ ಸುದ್ದಿ ಮುಟ್ಟಿಸಲಿ: 'ಇಲ್ಲಿ ಹಿಡಿಸಲ್ಲ, ಮುಂದಿನ ಬಾಗಿಲು 1492.' ಕಳಿಸಿದವನು ಗಾತ್ರ ಇಳಿಸಿ ಮತ್ತೆ ಕಳಿಸುತ್ತಾನೆ. ಐಪಿವಿ6 ಬಂದಾಗ ದಾರಿಯ ರೂಟರುಗಳು ಒಡೆಯುವುದನ್ನೇ ಪೂರಾ ನಿಲ್ಲಿಸಿದರು. ಅಲ್ಲಿ ಯಾವ ದಾರಿಯೂ 1280ಕ್ಕಿಂತ ಕಿರಿದಾಗಿರಬಾರದು ಅಂತ ನಿಯಮ, ಅದಕ್ಕಿಂತ ದೊಡ್ಡದಕ್ಕೆ ಈ ಸುದ್ದಿಯೇ ಗತಿ.

ಆ ಸುದ್ದಿ ಯಾವ ಗಾಡಿಯಲ್ಲಿ ಬರುತ್ತೆ? ಐಸಿಎಂಪಿ.

ಇದನ್ನು ಹೇಳಿ ಅವಳು ಸುಮ್ಮನಾದಳು. ನಾವೂ ಸುಮ್ಮನಾದೆವು. ರೂಟರಿಗೆ ಲಾಗಿನ್ ಆಗಿ ಫೈರ್‌ವಾಲಿನ ಎರಡನೇ ಸಾಲನ್ನು ತೆಗೆದೆವು. ಮತ್ತೆ 1465. ಈ ಸಲ ನಮ್ಮದೇ ರೂಟರಿನ ವಿಳಾಸದಿಂದ ಉತ್ತರ: ಒಡೆಯಬೇಕಿದೆ, ಆದರೆ ಒಡೆಯಬೇಡ ಅಂದಿದ್ದೀರಿ, ಎಂಟಿಯು 1492. ಇನ್ನೊಂದು ಸಲ ಕೊಟ್ಟಾಗ ರೂಟರಿನ ತನಕವೂ ಹೋಗಲಿಲ್ಲ, ಪಿಸಿಯೇ 'ಇದು ಉದ್ದವಾಯ್ತು' ಅಂದಿತು. ಒಮ್ಮೆ ಹೇಳಿದ್ದನ್ನು ಲಿನಕ್ಸು ಹತ್ತು ನಿಮಿಷ ನೆನಪಿಟ್ಟುಕೊಳ್ಳುತ್ತೆ.

ಅಂದರೆ ಆ ಮೂರು ತಿಂಗಳೂ ರೂಟರು ಪ್ರತಿ ದೊಡ್ಡ ಪ್ಯಾಕೆಟ್ಟಿಗೂ ಸರಿಯಾದ ಉತ್ತರ ಬರೆದು ಕೊಡುತ್ತಿತ್ತು, ಅದರ ಬಾಯಿಗೆ ನಾವೇ ಬಟ್ಟೆ ತುರುಕಿದ್ದೆವು. ಶಿರಸಿಯ ಕವಿತೆ ಹೋಯಿತು, ಎಂಟು ಸಾಲು ಒಂದು ಪ್ಯಾಕೆಟ್ಟಿನಲ್ಲಿ ಆರಾಮಾಗಿ ಹಿಡಿಸಿತು. ಸ್ಕ್ಯಾನ್ ಹೋಗಲಿಲ್ಲ. ಹೊರಗಿನಿಂದ ಬರುವ ದೊಡ್ಡ ಪುಟಗಳು ಸರಿಯಾಗಿ ತೆರೆಯುತ್ತಿದ್ದವು, ಯಾಕೆಂದರೆ ಆ ದಿಕ್ಕಿನ ಇಕ್ಕಟ್ಟು ಫೈಬರಿನವರ ಕಡೆಯ ಪೆಟ್ಟಿಗೆಯಲ್ಲಿ, ಅದು ಸುದ್ದಿ ಮುಟ್ಟಿಸುತ್ತಿತ್ತು. ನಾವು ಬೈದ ಆ ಕಸ್ಟಮರ್ ಕೇರಿನವರದು ಸರಿಯಿತ್ತು.

ಈ ರೋಗಕ್ಕೆ ಹೆಸರೂ ಇದೆ, ಕಪ್ಪುಕುಳಿ. 2000ದಲ್ಲಿ ಬಂದ ಆರ್‌ಎಫ್‌ಸಿ 2923ರಲ್ಲಿ ಅದರ ವಿವರ ಓದಿದಾಗ ನಮ್ಮ ಕ್ಲಬ್ ರೂಮಿನಲ್ಲಿ ಯಾರೋ ಕೂತು ಬರೆದಂತಿತ್ತು. ಫೈರ್‌ವಾಲಿನ ಕೈಪಿಡಿಯಲ್ಲಿ ಪರಿಹಾರ ಹುಡುಕಿದ್ವಿ, ಸಿಕ್ಕಿತು. ಹೊರಹೋಗುವ ಟಿಸಿಪಿಯ ಮೊದಲ ಮಾತಿನಲ್ಲೇ 1460 ಅಂತ ಇದ್ದದ್ದನ್ನು ರೂಟರು ಮೆಲ್ಲಗೆ 1452 ಅಂತ ತಿದ್ದಿಬಿಡುವುದು. ಅದೇ ಪುಟದಲ್ಲಿ ಈ ಆಯ್ಕೆ ಯಾಕೆ ಬೇಕಾಯ್ತು ಅಂತಲೂ ಇದೆ: ಐಸಿಎಂಪಿಯನ್ನು ಕಣ್ಣುಮುಚ್ಚಿ ತಡೆಯುವ ಬುದ್ಧಿಗೇಡಿಗಳಿಂದ ಪಾರಾಗಲು. ಬರೆದವರು ಇದಕ್ಕಿಂತ ಖಾರವಾಗಿಯೇ ಬೈದಿದ್ದಾರೆ. ನಾವು ಓದಿದ್ವಿ, ಯಾರೂ ನಗಲಿಲ್ಲ.

ಈ ತಿದ್ದುಪಡಿ ಟಿಸಿಪಿಗೆ ಮಾತ್ರ. ಯುಡಿಪಿಯಲ್ಲಿ ಆ ಮೊದಲ ಮಾತೇ ಇಲ್ಲ, ಅಲ್ಲಿ ಏನೂ ತಿದ್ದಲಾಗದು. ಹಾಗಾಗಿ ಎರಡನ್ನೂ ಮಾಡಿದ್ವಿ, ಐಸಿಎಂಪಿಯ ಬಾಯಿ ಬಿಚ್ಚಿದ್ವಿ, ತಿದ್ದುಪಡಿಯನ್ನೂ ಹಾಕಿದ್ವಿ. ಆಗ ಹುಮ್ಮಸ್ಸಿನಲ್ಲಿ ನಮ್ಮಲ್ಲೊಬ್ಬ 'ಒಳಗಿನ ಕಾರ್ಡಿಗೆ 9000 ಇಟ್ರೆ ಇನ್ನೂ ಜೋರಾಗಿ ಹೋಗುತ್ತಲ್ವಾ' ಅಂತ ತನ್ನ ಪಿಸಿಗೂ ರೂಟರಿಗೂ 9000 ಇಟ್ಟ. ನಮ್ಮ ಐನೂರು ರೂಪಾಯಿಯ ಸ್ವಿಚ್ಚು ಅಷ್ಟು ದೊಡ್ಡದನ್ನು ತಿಳಿಯದು, ಸದ್ದಿಲ್ಲದೆ ಎಸೆಯಿತು. ಸ್ವಿಚ್ಚು ಬರೀ ಫ್ರೇಮ್ ದಾಟಿಸುವ ಪೆಟ್ಟಿಗೆ, 'ಹಿಡಿಸಲ್ಲ' ಅಂತ ಐಸಿಎಂಪಿ ಬರೆಯುವುದು ಅದರ ಕೆಲಸವೇ ಅಲ್ಲ. ಒಂದೇ ತಂತಿಗೆ ಸೇರಿದವರೆಲ್ಲ ಒಂದೇ ಅಳತೆಯಲ್ಲಿರಬೇಕು, ಅಳತೆ ಬದಲಾಗುವ ಜಾಗದಲ್ಲಿ ಮಾತಾಡಬಲ್ಲ ರೂಟರ್ ಇರಬೇಕು. ಇದನ್ನು ಕಲಿಯಲು ಇನ್ನೂ ಒಂದು ರಾತ್ರಿ ಹೋಯಿತು.

ಇದೆಲ್ಲಕ್ಕಿಂತ ಕಷ್ಟದ ಕೆಲಸ ಬೆಳಿಗ್ಗೆಗೆ ಉಳಿದಿತ್ತು. ನಾಲ್ವರೂ ಲೇಡೀಸ್ ಹಾಸ್ಟೆಲಿನ ಗೇಟಿನ ಹತ್ತಿರ ನಿಂತು ಶಿರಸಿಗೆ ಹೇಳಿಕಳಿಸಿದ್ವಿ. ಬಂದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಕೊನೆಗೆ ಅವಳೇ, "ಏನಣ್ಣ, ಎಲ್ರೂ ಬಂದಿದೀರಿ" ಅಂದಳು. ಹೇಳಿದ್ವಿ. 1492, ಎರಡು ಸಾಲು, ಎಲ್ಲ. 'ತಪ್ಪು ನಮ್ಮದು' ಅನ್ನುವ ಮಾತು ಎಂಟಿಯು ವಿವರದ ಮಧ್ಯದಲ್ಲಿ ಎಲ್ಲೋ ಸಣ್ಣದಾಗಿ ಬಂತು. ಅವಳು ತಡೆದಳು. "ಅದನ್ನ ಇನ್ನೊಂದ್ಸಲ ಹೇಳಿ."

ಇನ್ನೊಂದು ಸಲ ಹೇಳಿದ್ವಿ.

ಆಗ ತಿಳಿದದ್ದು, ಆ ಹನ್ನೊಂದು ಪುಟಗಳನ್ನು ಅವಳು ತನ್ನ ಮೊಬೈಲಿನಿಂದ ಏರಿಸಿದ್ದಳು. ದಿನದ ಡೇಟಾ ಮುಗಿದಿತ್ತು, ಎಂಟು ಗಂಟೆಗೆ ಹಾಸ್ಟೆಲಿನ ಗೇಟು ಮುಚ್ಚುತ್ತಿತ್ತು, ಅಲ್ಲಿ ವೈಫೈ ಇರಲಿಲ್ಲ. ಕವಿತೆ ಹಾಕಿದ್ದು ನೆಟ್ ಇದೆಯೋ ಇಲ್ಲವೋ ಪರೀಕ್ಷೆ ಮಾಡಲು. "ಸಣ್ಣದು ಹೋಗುತ್ತೆ, ದೊಡ್ಡದು ಹೋಗಲ್ಲ ಅಂತ ನಾನು ಗ್ರೂಪಲ್ಲಿ ಬರೆದಿದ್ದೆ. ನೀವು ಓದ್ಲಿಲ್ಲ" ಅಂದಳು. ಮೇಲಕ್ಕೆ ತಳ್ಳಿ ನೋಡಿದ್ವಿ. ಅಕ್ಟೋಬರ್ 30, ಬೆಳಿಗ್ಗೆ. ಇತ್ತು. ನಾವು ಒಂದು ರಾತ್ರಿ ವೈರ್‌ಶಾರ್ಕ್ ಹಾಕಿ ಕಂಡುಹಿಡಿದ ವಾಕ್ಯವದು.

ಸಂಜೆ ಅವಳು ಕ್ಲಬ್ ರೂಮಿಗೆ ಬಂದಳು. 1464, 1465 ತಾನೇ ಹೊಡೆದು ನೋಡಿದಳು. "ನಮ್ಮೂರಲ್ಲಿ ಮಳೆಗಾಲಕ್ಕೆ ಕಾಲುಸಂಕ ಹಾಕ್ತಾರೆ, ಎರಡು ಅಡಿಕೆ ಮರದ್ದು. ಹೊರೆ ದೊಡ್ಡದಾದ್ರೆ ಆಚೆ ದಡದವರು ಕೂಗಿ ಹೇಳ್ತಾರೆ, ಕಟ್ಟು ಬಿಚ್ಚಿ ಸಣ್ಣ ಮಾಡ್ಕೊಂಡು ಬನ್ನಿ ಅಂತ. ಕೂಗೋದು ಬ್ಯಾನ್ ಮಾಡಿದ್ರಿ ನೀವು" ಅಂದಳು. ನಮ್ಮ ಮೂರು ಪುಟದ ನೋಟ್ಸಿಗಿಂತ ಅದು ಚೆನ್ನಾಗಿತ್ತು. ಅವತ್ತೇ ರಾತ್ರಿ ಗೇಟು ಮುಚ್ಚುವುದರೊಳಗೆ ಉಳಿದ ಪುಟಗಳೆಲ್ಲ ಏರಿದವು.

ಇನ್‌ಸ್ಟ್ರಕ್ಟರ್ ಸರ್ ಮನೆಗೆ ಐವರೂ ಹೋದೆವು. ನವೆಂಬರ್ 1ಕ್ಕೆ ಹೇಳಿದ್ದು ಸುಳ್ಳು, ಕೆಲಸ ಇವಳು ಮಾಡಿದ್ದಳು ಅಂತ ನಮ್ಮ ಬಾಯಿಂದಲೇ ಹೇಳಬೇಕು ಅನ್ನುವುದು ಶಿರಸಿಯ ಷರತ್ತು. ಹೇಳಿದ್ವಿ. ಅವರು ಅದನ್ನು ಅರ್ಧ ಕೇಳಿಸಿಕೊಂಡರು, ಕಣ್ಣು ಲ್ಯಾಪ್‌ಟಾಪಿನ ಮೇಲಿತ್ತು. ಮೊಮ್ಮಗನನ್ನು ಕರೆದು ತೋರಿಸಿದರು. ಆಮೇಲೆ ಕನ್ನಡಕ ಮೇಲೆತ್ತಿ, "ಅಯ್ಯೋ, ಇಲ್ಲಿ ಒಂದು ಒತ್ತು ಬಿಟ್ಟಿದೀನಿ. ಆಗ ಯಾರೂ ಹೇಳ್ಲೇ ಇಲ್ಲ ನೋಡಿ. ಸರಿ ಮಾಡೋಕಾಗುತ್ತಾ?" ಅಂದರು.

"ಬೇಡ ಸರ್, ಅದು ಹಾಗೇ ಇರ್ಲಿ" ಅಂದಳು ಶಿರಸಿ.

ನಾವೀಗ ಬೇರೆ ಬೇರೆ ಊರುಗಳಲ್ಲಿದ್ದೇವೆ. ಕೆಲಸದಲ್ಲಿ ನಮ್ಮಲ್ಲೊಬ್ಬನಿಗೆ ಕಳೆದ ವರ್ಷ ಇದೇ ರೋಗ ಮತ್ತೆ ಸಿಕ್ಕಿತು. ಕಂಟೇನರಿನ ಒಳಗೆ 1500, ಅದು ಕೂತ ಯಂತ್ರದ ಕಾರ್ಡಿಗೆ 1460. ಅರ್ಧ ಗಂಟೆಯಲ್ಲಿ ಹಿಡಿದ. ಟೀಮಿನ ಹೊಸ ಹುಡುಗ 'ಚಿಕ್ಕ ರಿಕ್ವೆಸ್ಟ್ ಹೋಗುತ್ತೆ, ದೊಡ್ಡದು ನಿಲ್ಲುತ್ತೆ' ಅಂದಿದ್ದನಂತೆ. ಶಿರಸಿ ಈಗ ಕೊನೆಯ ವರ್ಷ, ಈ ಸಂಚಿಕೆಯ ಸಂಪಾದಕಿ. ಲೇಖನ ಕಳಿಸಿದಾಗ ಹೆಸರು ಹಾಕಲಾ ಅಂತ ಕೇಳಿದ್ವಿ, ಬೇಡ ಅಂದಳು. ಗ್ರೂಪಿನಲ್ಲಿ ನಕ್ಕ ಗೊಂಬೆಯ ಸಾಲನ್ನು ಮಾತ್ರ ತೆಗೆಯಬೇಡಿ ಅಂದಳು. ತೆಗೆದಿಲ್ಲ.